ಗಾಜಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಕಿಟಕಿ ಪಕ್ಕದ ಮೇಜು
ಮಾರ್ಚ್ ಎಂಟು, ಶನಿವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಆರೋಗ್ಯವಾಗಿದ್ದೀರಾ? ಸೊಂಟದ ನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ. ನಾನು ಹೇಳಿದರೆ ನೀವು ಕೇಳುವುದಿಲ್ಲ, ಆದ್ದರಿಂದ ನಿಮ್ಮ ಅಮ್ಮ ಹೇಳಿದರು ಎಂದೇ ಓದಿಕೊಳ್ಳಿ. ಮನೆಯಲ್ಲಿ ಅತ್ತೆಯವರು ಗಟ್ಟಿಮುಟ್ಟಾಗಿದ್ದಾರೆ. ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೆರೆದಿಟ್ಟುಕೊಂಡು ಕೂರುತ್ತಿದ್ದಾಳೆ. ಬಚ್ಚಲಿನ ನಲ್ಲಿ ಸೋರುವುದು ನಿಂತಿದೆ, ವಾಷರ್ ನಾನೇ ಬದಲಾಯಿಸಿದೆ. ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲ, ಕೊನೆಯವರೆಗೂ ಓದಲೇಬೇಕು.

ನಮ್ಮ ರಸ್ತೆಯ ಕೊನೆಗೆ ಮುಚ್ಚಿಹೋಗಿದ್ದ ಸಿನಿಮಾ ಮಂದಿರ ಇತ್ತಲ್ಲ, ಅಲ್ಲಿ ಜಪಾನಿನವರ ಅಂಗಡಿ ತೆರೆದಿದೆ. ದಿಂಬಿನಿಂದ ಪೆನ್ಸಿಲ್‌ವರೆಗೆ ಮನೆಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ, ಬೇಡವಾದದ್ದೂ ಸಿಗುತ್ತದೆ. ಒಂದು ತಿಂಗಳಿನಿಂದ ಊರಿಗೆ ಊರೇ ಅದರ ಜಪ ಮಾಡುತ್ತಿದೆ. ಎದುರುಮನೆಯ ಟೀಚರು ಮೊದಲ ದಿನವೇ ನುಗ್ಗಿ ಒಂದು ಪೊರಕೆ ತಂದರು. ಅದರಿಂದ ಗುಡಿಸಲು ಮನಸ್ಸು ಬರಲಿಲ್ಲವಂತೆ, ಗೋಡೆಗೆ ನೇತುಹಾಕಿದ್ದಾರೆ. ಜನ ಮರುಳೋ ಜಾತ್ರೆ ಮರುಳೋ ಎಂದು ಮೂಗು ಮುರಿದವರು ನಿಮ್ಮ ಅಮ್ಮ. ಹೋದ ವಾರ ಗುರುವಾರ ಸಂಜೆ ನೋಡಿದರೆ ಅವರೇ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. "ನಡಿಯೇ, ನಾವೂ ಒಂದ್ಸಲ ಮರುಳಾಗಿ ಬರೋಣ."

ಸಾಲು ಬಸ್ ನಿಲ್ದಾಣದವರೆಗೆ ಬೆಳೆದಿತ್ತು. ಅಂತೂ ಗಾಜಿನ ಬಾಗಿಲು ಮುಟ್ಟಿದಾಗ ಅತ್ತೆಯವರು ಚಪ್ಪಲಿ ಕಳಚಿ ಗೋಡೆಯ ಪಕ್ಕ ನೀಟಾಗಿ ಇಟ್ಟರು. ಜಪಾನಿನವರು ಚಪ್ಪಲಿ ಕಾಲಲ್ಲಿ ಒಳಗೆ ಬರುವುದಿಲ್ಲ ಎಂದು ಟೀಚರು ಹೇಳಿದ್ದರಂತೆ. ಅದು ಮನೆಯ ಮಾತು ಅತ್ತೆ, ಅಂಗಡಿಯದಲ್ಲ ಎಂದು ನಾನು ಕಿವಿಯಲ್ಲಿ ಹೇಳಿದೆ. "ಸುಮ್ನೆ ಬಿಡೇ, ಪರದೇಶದವರ ಮುಂದೆ ಮಾನ ಕಳೀಬೇಡ" ಎಂದು ಗದರಿಸಿದರು. ನಾನೂ ಬಿಟ್ಟೆ. ನಮ್ಮನ್ನು ನೋಡಿ ಹಿಂದಿನವರು ಬಿಟ್ಟರು, ಅವರನ್ನು ನೋಡಿ ಅವರ ಹಿಂದಿನವರು. ಬಾಗಿಲ ಕಾವಲುಗಾರ ಸ್ವಲ್ಪ ಹೊತ್ತು ಕಣ್ಣು ಕಣ್ಣು ಬಿಟ್ಟ. ಮೇಲಿನಿಂದ ಹೊಸ ಆಜ್ಞೆ ಬಂದಿರಬೇಕು ಅಂದುಕೊಂಡನೋ ಏನೋ, ಆಮೇಲೆ ಅವನೇ ದೊಡ್ಡ ದನಿಯಲ್ಲಿ "ಚಪ್ಪಲಿ ಹೊರಗೆ, ಚಪ್ಪಲಿ ಹೊರಗೆ" ಎಂದು ಶುರುಮಾಡಿದ.

ಒಳಗೆ ಎಲ್ಲವೂ ಬಿಳಿ, ಬೂದು, ಇಲ್ಲವೇ ಮರದ ಬಣ್ಣ. "ಬಣ್ಣ ಹಚ್ಚೋದು ಮರೆತ್ರೇನೇ?" ಎಂದು ಅತ್ತೆಯವರು ಕೇಳಿದ್ದು ಮೂರು ಸಾಲು ಆಚೆಗೂ ಕೇಳಿಸಿತು. ಡಬ್ಬಿ ಇಡಲು ಡಬ್ಬಿ, ಆ ಡಬ್ಬಿ ಇಡಲು ಇನ್ನೊಂದು ಡಬ್ಬಿ. ಆದರೂ ಸುಳ್ಳು ಯಾಕೆ ಹೇಳಲಿ, ನನಗೆ ಹಿಡಿಸಿತು. ಬರಿಗಾಲಿಗೆ ಮರದ ನೆಲ ತಣ್ಣಗಿತ್ತು. ಏನು ಬೇಕು, ಏನು ಬೇಕು ಎಂದು ಯಾರೂ ಬೆನ್ನು ಹತ್ತಲಿಲ್ಲ. ಮಡಚಿಟ್ಟ ಕಾಲುಚೀಲಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಅತ್ತೆಯವರು ಮಾದರಿಗೆ ಹಾಸಿಟ್ಟ ಮಂಚದ ಮೇಲೆ ಗಟ್ಟಿ ಇದೆಯೋ ಇಲ್ಲವೋ ನೋಡುತ್ತೇನೆಂದು ಕೂತು, ಒರಗಿ, ಸಣ್ಣಗೆ ಗೊರಕೆ ಹೊಡೆದರು. ನಾನು ಎಬ್ಬಿಸಲಿಲ್ಲ.

ಹೊರಗೆ ಬಂದು ನೋಡಿದರೆ, ಬಾಗಿಲಲ್ಲಿ ಚಪ್ಪಲಿಯ ಬೆಟ್ಟ! ಒಬ್ಬರ ಎಡಗಾಲಿನದು ಇನ್ನೊಬ್ಬರ ಕೈಯಲ್ಲಿ. ಇಬ್ಬರು ಗಂಡಸರು ಒಂದೇ ಕಪ್ಪು ಬೂಟನ್ನು ಎರಡು ಕಡೆಯಿಂದ ಎಳೆಯುತ್ತಿದ್ದರು. ಮ್ಯಾನೇಜರಮ್ಮ ಎಲ್ಲರಿಗೂ ತಲೆಬಾಗಿ ಬಾಗಿ ಸುಸ್ತಾಗಿದ್ದಳು. ಆಗ ನನಗೇನಾಯಿತೋ ಗೊತ್ತಿಲ್ಲ. ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತುಬಿಟ್ಟೆ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರೀರಿ ಎಂದು ಕೂಗಿದೆ. ಸರಿದರು! ಆ ದನಿ ನನ್ನೊಳಗೆ ಇನ್ನೂ ಇದೆಯೆಂದು ನನಗೇ ಗೊತ್ತಿರಲಿಲ್ಲ. ಮದುವೆಗೆ ಮೊದಲು ನಾನು ಪಾದರಕ್ಷೆ ಅಂಗಡಿಯಲ್ಲಿದ್ದವಳು, ನೀವು ಮರೆತರೂ ನನ್ನ ಕೈ ಮರೆತಿಲ್ಲ. ಗಂಡಸರದು, ಹೆಂಗಸರದು, ಮಕ್ಕಳದು ಎಂದು ಬೇರೆ ಮಾಡಿದೆ. ಅಳತೆ ನೋಡಿ ಜೋಡಿ ಕೂಡಿಸಿ ಸಾಲಾಗಿ ಇಟ್ಟೆ. ನಿಂತವರ ಪಾದ ನೋಡಿ ಇದು ನಿಮ್ಮದಲ್ಲವೇ ಎಂದು ಒಬ್ಬೊಬ್ಬರಿಗೇ ಎತ್ತಿ ಕೊಟ್ಟೆ. ಜಗಳ ನಗುವಾಯಿತು. ಮ್ಯಾನೇಜರಮ್ಮ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದಳು: ಬರಿಗಾಲ ನಡಿಗೆ ಜನಕ್ಕೆ ಇಷ್ಟವಾಗಿದೆ, ಹೀಗೇ ಮುಂದುವರಿಸುತ್ತೇವೆ, ಬಾಗಿಲಲ್ಲಿ ಇಡಿಸುವ ಚಪ್ಪಲಿ ಕಪಾಟು ಮತ್ತು ಕಾಲುಚೀಲದ ವಿಭಾಗ ನೋಡಿಕೊಳ್ಳಲು ಬರುತ್ತೀರಾ? ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ.

ಈಗ ನಿಮ್ಮ ಮುಖ ಹೇಗಾಗಿರುತ್ತದೆಂದು ನನಗೆ ಗೊತ್ತು. ಮದುವೆಯಾದ ವಾರವೇ ನೀವು ಹೇಳಿದ ಮಾತೂ ಗೊತ್ತು: "ನಮ್ಮನೆ ಹೆಂಗಸು ಊರವರ ಕಾಲು ಮುಟ್ಟೋದು ಬೇಡ." ನಾನು ತಲೆಯಾಡಿಸಿ ಮನೆಯಲ್ಲಿ ಕೂತೆ. ಆದರೆ ನೀವು ನನ್ನನ್ನು ಮೊದಲು ನೋಡಿದ್ದು ಎಲ್ಲಿ? ಅದೇ ಅಂಗಡಿಯಲ್ಲಿ, ನಿಮ್ಮ ಕಾಲಿಗೆ ಬೂಟು ತೊಡಿಸುವಾಗ. ಸರಿಯಾಗಿದ್ದ ಬೂಟನ್ನು ಬಿಗಿ ಬಿಗಿ ಎಂದು ಮೂರು ಸಲ ಬಿಚ್ಚಿಸಿ ತೊಡಿಸಿಕೊಂಡವರು ಯಾರು? ಆಗ ಈ ಕೈ ಚೆನ್ನಾಗಿತ್ತು. ಕೊರಳಿಗೆ ತಾಳಿ ಬಿದ್ದ ಕೂಡಲೇ ಕೆಲಸ ಕೀಳಾಯಿತೇ? ಅಂದಿನಿಂದಲೂ ನೀವು ಬಂದಾಗಲೆಲ್ಲ ನಿಮ್ಮ ಬೂಟಿಗೆ ಪಾಲಿಶ್ ಹಚ್ಚುವುದು ಇದೇ ಕೈ, ಅದರಲ್ಲಿ ಯಾವ ಮಾನವೂ ಹೋಗಲಿಲ್ಲ. ಆ ಅಂಗಡಿ ಬಿಟ್ಟ ದಿನ ನಾನು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೆ. ಇದನ್ನು ನಿಮಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ. ಸಮುದ್ರ ದೊಡ್ಡದು, ಕೂಗಿಕೊಳ್ಳಲು ಜಾಗ ಬೇಕಾದಷ್ಟಿದೆ.

ಮಗಳು ಬಣ್ಣದ ಕಲ್ಲು ತರಲು ಹೇಳಿದ್ದಾಳೆ. ಅತ್ತೆಯವರ ಆಶೀರ್ವಾದ ನಿಮಗಿದೆ, ಆದರೆ ಈ ಸಲ ದೊಡ್ಡ ಪಾಲು ನನಗೆ ಕೊಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಅಂದು ನಿಮ್ಮ ಕಾಲು ಹಿಡಿದು, ಆಮೇಲೆ ಕೈ ಹಿಡಿದವಳು

ತಾ.ಕ.: ಅವಸರದಲ್ಲಿ ಗೀಚುತ್ತಿದ್ದೇನೆ, ಗಂಟೆ ಹೊಡೆಯುತ್ತಿದೆ. ಮನೆಯಲ್ಲಿ ಕೇಳುತ್ತೇನೆ ಎಂದೆನಲ್ಲ, ಕೇಳಿದ್ದು ಅತ್ತೆಯವರನ್ನು. "ನನ್ನ ಮಗನಿಗೆ ನಾನು ಹೇಳ್ಕೋತೀನಿ, ನೀನು ಹೋಗು" ಅಂದರು. ಈ ಬುಧವಾರವೇ ಕೆಲಸಕ್ಕೆ ಸೇರಿದೆ. ಈ ಕಿಟಕಿ ಪಕ್ಕದ ಮೇಜು ನಮ್ಮ ಮನೆಯದಲ್ಲ, ಅಂಗಡಿಯವರು ಊಟಕ್ಕೆ ಕೂರುವ ಕೋಣೆಯದು. ರಜೆಗೆ ಬಂದಾಗ ನೀವೂ ಬನ್ನಿ. ಸಾಲಿನಲ್ಲಿ ನಿಂತೇ ಬರಬೇಕು, ಬೂಟು ಬಾಗಿಲಲ್ಲೇ ಬಿಡಬೇಕು. ನಾನೇ ಕೈಯಾರೆ ಎತ್ತಿಡುತ್ತೇನೆ, ಎಲ್ಲರ ಚಪ್ಪಲಿಯ ಜೊತೆಗೆ.