ಇಯಾ ಮೊರೊಂಕೆ ಎಂಬ ಹೆಸರು

ಅಮ್ಮಾ,

ನಿನ್ನನ್ನು ಹಿಡಿದುಕೊಂಡು ಹೋಗಿ ವಾರದ ಮೇಲಾಯಿತು. ಈ ಪತ್ರ ನಿನ್ನ ಕೈ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಅಬೇಕೆ ಚಿಕ್ಕಮ್ಮ ತರುವ ಅನ್ನದ ಡಬ್ಬಿಯೊಳಗೂ ಠಾಣೆಯವರು ಚಮಚ ಹಾಕಿ ಕೆದಕುತ್ತಾರಂತೆ. ಆದರೂ ಬರೆಯುತ್ತಿದ್ದೇನೆ. ಬರೆಯದೆ ಸುಮ್ಮನಿರುವುದು ನನಗೆ ಬರುವುದಿಲ್ಲ, ಇಷ್ಟೆಲ್ಲ ರಂಪಕ್ಕೂ ಅದೇ ತಾನೇ ಕಾರಣ!

ಎಷ್ಟು ಹುಷಾರಾಗಿದ್ದೆ ಗೊತ್ತಾ? ಸೈನ್ಯದವರು ನಮ್ಮ ಪತ್ರಿಕೆಗೆ ಬೀಗ ಹಾಕಿದ ಮೇಲೆ ಇಬಾದಾನ್ ನಗರದಲ್ಲಿ ಮನೆಯಿಂದ ಮನೆಗೆ ಟೈಪ್‌ರೈಟರ್ ಹೊತ್ತು ತಿರುಗಿದೆ. ಕದ್ದುಮುಚ್ಚಿ ಹೊರತಂದ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಲಿಲ್ಲ. ಅಚ್ಚು ಹಾಕುವವನಿಗೂ ನಾನು ಯಾರೆಂದು ಹೇಳಲಿಲ್ಲ. ಕೊನೆಗೆ ಯಾರೋ ಬಾಯಿಬಿಟ್ಟರು, ಮೊರೊಂಕೆ ಎಂಬ ಹೆಸರೊಂದು ಅವರಿಗೆ ಸಿಕ್ಕಿತು. ಬರೀ ಹೆಸರು. ಮುಖ ಗೊತ್ತಿಲ್ಲ, ವಿಳಾಸ ಗೊತ್ತಿಲ್ಲ. ಅಷ್ಟರಿಂದ ಏನಾಗುತ್ತದೆ ಎಂದು ನಾವೆಲ್ಲ ನಗಾಡಿದ್ದೆವು.

ನಮ್ಮ ಜನರ ಪದ್ಧತಿಯೇ ನಮಗೆ ಮರೆತುಹೋಗಿತ್ತಲ್ಲ ಅಮ್ಮಾ! ಹೆಣ್ಣೊಬ್ಬಳು ತಾಯಿಯಾದ ದಿನವೇ ಅವಳ ಸ್ವಂತ ಹೆಸರು ಹೋಯಿತು. ಅಲ್ಲಿಂದಾಚೆ ಚೊಚ್ಚಲ ಮಗುವಿನ ಹೆಸರಿನಿಂದಲೇ ಅವಳನ್ನು ಕರೆಯಬೇಕು. ಇಯಾ ಮೊರೊಂಕೆ, ಮೊರೊಂಕೆಯ ತಾಯಿ. "ಇಯಾ ಮೊರೊಂಕೆ, ಬಿಸಿಬಿಸಿ ಅಕಾರಾ ಕಟ್ಟಿಕೊಡು." "ಇಯಾ ಮೊರೊಂಕೆ, ನಿನ್ನೆ ಏನು ಖಾರ ಹಾಕಿದ್ದೆ ತಾಯಿ, ನಾಲಿಗೆ ಸುಟ್ಟೋಯ್ತು!" ನಾನು ಊರಿಗೆಲ್ಲ ಮುಚ್ಚಿಟ್ಟ ಹೆಸರನ್ನು ಅಲಸಂದೆಯ ಅಕಾರಾ ವಡೆ ಕರಿಯುವ ನಿನ್ನ ಬಾಣಲೆಯ ಮುಂದೆ ಕೇರಿಗೆ ಕೇರಿಯೇ ಕೂಗುತ್ತಿತ್ತು. ಜೀಪಿನವರು ಬಂದು ಆ ಹೆಸರು ಕೇಳಿದಾಗ ಯಾರೋ ಪಾಪ, ಗಿರಾಕಿಗಳೆಂದುಕೊಂಡು ಕೈ ತೋರಿಸಿದರಂತೆ.

ಮಗಳೆಲ್ಲಿ ಎಂದು ಆ ಅಧಿಕಾರಿ ಗದರಿದಾಗ ನೀನು ಹೇಳಿದ್ದನ್ನು ಕೇರಿಯವರು ಇನ್ನೂ ಆಡಿಕೊಂಡು ನಗುತ್ತಿದ್ದಾರೆ. "ಬೆಳೆದ ಮಕ್ಕಳು ಎಲ್ಲಾ ತಾಯಿಗೆ ಹೇಳಿ ಹೋಗ್ತಾರೇನಪ್ಪಾ? ನೀನು ಇಲ್ಲಿ ಬಂದು ಮುದುಕಿಯರನ್ನ ಹೆದರಿಸ್ತಿರೋದು ನಿಮ್ಮಮ್ಮನಿಗೆ ಗೊತ್ತಾ?" ಆಮೇಲೆ ಅವನು ಬಾಣಲೆಗೆ ಒದ್ದನಂತೆ. ಆ ಭಾಗ ಹೇಳುವಾಗ ಯಾರೂ ನಗುವುದಿಲ್ಲ.

ಸಚಿವಾಲಯದವನೊಬ್ಬ ನಮ್ಮ ವಕೀಲರ ಮೂಲಕ ಹೇಳಿ ಕಳಿಸಿದ್ದಾನೆ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ "ಶಾಲೆಯ ಸುದ್ದಿ ಸುಳ್ಳು, ತಪ್ಪಾಯಿತು" ಎಂದು ಹಾಕಬೇಕು. ಹಾಕಿದರೆ ಅವತ್ತೇ ಸಂಜೆ ನೀನು ಮನೆಯಲ್ಲಿರುತ್ತೀಯ.

ಶಾಲೆಯ ಸುದ್ದಿ ನಿನಗೆ ನಾನು ಹೇಳಬೇಕೆ? ಹೊಸ ಕಟ್ಟಡದ ಸಿಮೆಂಟನ್ನು ಯಾರು ಮಾರಿಕೊಂಡರು ಎಂಬುದನ್ನು ಹುಡುಕಿದ್ದು ನಾನು. ಆದರೆ ಗೋಡೆ ಬಿದ್ದಾಗ ಒಳಗಿದ್ದ ಮಕ್ಕಳು ನಿನ್ನ ಗಿರಾಕಿಗಳು. ತೈವೋ, ಕೆಹಿಂದೆ, ಆ ಅವಳಿಗಳು. ಅವಳಿಗಳಿಗೆ ಅಲಸಂದೆ ತಿನ್ನಿಸಿದರೆ ಒಳ್ಳೆಯದಾಗುತ್ತದೆಂದು ನೀನು ದಿನಾ ಅವರ ಕೈಗೆ ಒಂದೊಂದು ಅಕಾರಾ ಹೆಚ್ಚಿಗೆ ಇಡುತ್ತಿದ್ದೆ. ಅವತ್ತು ಶಾಲೆಗೆ ರಜೆ ಇತ್ತು, ಯಾರೂ ಸಾಯಲಿಲ್ಲ ಎಂದಿತು ಸರ್ಕಾರ. ನಾವು ಸತ್ತ ಮಕ್ಕಳ ಹೆಸರು ಅಚ್ಚು ಹಾಕಿದೆವು. ಪತ್ರಿಕೆ ಮಾರುವವರನ್ನು ಸಿಪಾಯಿಗಳು ಅಟ್ಟಿಬಿಟ್ಟಾಗ ನೀನು ಅದೇ ಹಾಳೆಗಳಲ್ಲಿ ಅಕಾರಾ ಕಟ್ಟಿಕೊಟ್ಟೆ. ಎಣ್ಣೆಯಾದ ಸುದ್ದಿಯನ್ನು ಜನ ಬಿಸಿಲಿಗೆ ಹಿಡಿದು ಓದಿದರು.

ನಿನ್ನ ರಕ್ತದೊತ್ತಡದ ಮಾತ್ರೆಯನ್ನು ಒಳಗೆ ಬಿಡುತ್ತಿಲ್ಲವಂತೆ. ಕಾಲು ಊದಿದೆಯಂತೆ. ಚಿಕ್ಕಮ್ಮ ನಾನಿರುವಲ್ಲಿಗೆ ಬಂದು ಬಾಯಿಗೆ ಬಂದ ಹಾಗೆ ಬೈದಳು. "ನನ್ನಕ್ಕ ಅಲ್ಲಿ ತಣ್ಣನೆ ನೆಲದ ಮೇಲೆ ಬಿದ್ದಿದ್ದಾಳೆ, ನೀನಿಲ್ಲಿ ಟಕಟಕ ಅಂತ ಕುಟ್ತಾ ಕೂತಿದ್ದೀಯಾ! ತಪ್ಪಾಯ್ತು ಅಂತ ಎರಡು ಸಾಲು ಬರೆದರೆ ನಿನ್ನ ಗಂಟೇನು ಹೋಗುತ್ತೆ?" ಬರೆದೆ ಅಮ್ಮಾ. ಎರಡೇ ಸಾಲು. ಅಷ್ಟು ಸಲೀಸಾಗಿ ನಾನು ಯಾವತ್ತೂ ಏನನ್ನೂ ಬರೆದಿರಲಿಲ್ಲ.

ನೀನು ಸಂತೋಷಪಡುತ್ತೀಯೆಂದು ಚಿಕ್ಕಮ್ಮ ಓಡೋಡಿ ಠಾಣೆಗೆ ಬಂದು ನಿನಗೆ ಹೇಳಿದಳು. ನೀನು ಅನ್ನ ತಿನ್ನುವುದನ್ನು ನಿಲ್ಲಿಸಿ ಕೇಳಿದೆಯಂತೆ: "ಆ ಅವಳಿಗಳ ತಾಯಿಯನ್ನ ಈಗ ಜನ ಏನಂತ ಕರೀತಾರೆ?"

"ಇನ್ನೇನಂತ? ಇಯಾ ಇಬೇಜಿ, ಅವಳಿಗಳ ತಾಯಿ ಅಂತಲೇ. ಮಕ್ಕಳು ಹೋದ್ರೂ ಹೆಸರು ಹೋಗುತ್ತಾ?"

"ಮತ್ತೆ, ಆ ಮಕ್ಕಳು ಸಾಯಲೇ ಇಲ್ಲ ಅಂತ ನನ್ನ ಮಗಳೇ ಬರೆದುಬಿಟ್ರೆ, ಅವಳೆದುರಿಗೆ ನಾನು ಯಾವ ಮುಖ ಇಟ್ಕೊಂಡು ಇಯಾ ಮೊರೊಂಕೆ ಅನ್ನಿಸ್ಕೊಳ್ಳಲಿ, ಅಬೇಕೆ?"

ಇದನ್ನು ನನಗೆ ಹೇಳಿ, ತಾಯಿಗೂ ಮಗಳಿಗೂ ತಲೆ ಕೆಟ್ಟಿದೆ ಎಂದು ಶಪಿಸಿ, ಚಿಕ್ಕಮ್ಮ ಅಲ್ಲೇ ಕೂತು ಗೋಳೋ ಎಂದು ಅತ್ತಳು. ನಾನೂ ಅತ್ತೆ. ಆಮೇಲೆ ಆ ಎರಡು ಸಾಲನ್ನು ಹರಿದು ಹಾಕಿದೆ.

ನಿನ್ನ ಮೇಲೆ ನನಗೆ ಸಿಟ್ಟೂ ಇದೆ. ಒಂದು ಸಲ, ಒಂದೇ ಒಂದು ಸಲ "ಮಗಳೇ, ನನ್ನನ್ನು ಬಿಡಿಸು" ಎಂದಿದ್ದರೆ ನಾನು ಬರೆದುಬಿಡುತ್ತಿದ್ದೆ. ಊದಿರುವುದು ನಿನ್ನ ಕಾಲು, ಒದೆಸಿಕೊಂಡಿದ್ದು ನಿನ್ನ ಬಾಣಲೆ, ನನ್ನದು ಬರೀ ಹೆಸರು. ನಿನಗೇನಾದರೂ ಆದರೆ ಆ ಹೆಸರು ಹೊತ್ತುಕೊಂಡು ನಾನು ಹೇಗೆ ಬದುಕಲಿ? ಹೇಳು. ಇದಕ್ಕೆ ಮಾತ್ರ ನೀನು ಯಾರ ಕೈಲೂ ಉತ್ತರ ಕಳಿಸಿಲ್ಲ.

ನಾಳೆ ಪತ್ರಿಕೆ ಹೊರಬರುತ್ತದೆ. ಮೊದಲ ಪುಟದಲ್ಲಿ ಮತ್ತೆ ಅದೇ ಶಾಲೆ, ಅದೇ ಮಕ್ಕಳು. ಕೆಳಗೆ ಮೊದಲ ಸಲ ನನ್ನ ಹೆಸರು. ಅದು ಹಂಚಿ ಮುಗಿದ ಮೇಲೆ ನಾನೇ ಠಾಣೆಗೆ ಬರುತ್ತೇನೆ, ನಿನ್ನ ಮಾತ್ರೆ ತೆಗೆದುಕೊಂಡು. ಅವರಿಗೆ ಬೇಕಾಗಿರುವುದು ನಾನು. ನಿನ್ನನ್ನು ಬಿಡುತ್ತಾರೋ, ಇಬ್ಬರನ್ನೂ ಇಟ್ಟುಕೊಳ್ಳುತ್ತಾರೋ ದೇವರೇ ಬಲ್ಲ. ಹೆದರಿಕೆ ಆಗುತ್ತಿದೆ ಅಮ್ಮಾ, ಸುಳ್ಳು ಯಾಕೆ ಹೇಳಲಿ.

ಗೇಟಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳುತ್ತಾರೆ. ಇಯಾ ಮೊರೊಂಕೆಯನ್ನು ಎನ್ನುತ್ತೇನೆ. ನಾನು ಯಾರೆಂದು ಕೇಳಿದರೆ ಅವರೇ ದಡ್ಡರು.

ನಿನ್ನ ಮುಂದೆ ಮಂಡಿಯೂರಿ ನಮಸ್ಕರಿಸುತ್ತೇನೆ. ನಿನ್ನ ಕಾಲಿನ ಊತ ಇಳಿಯಲಿ, ನಿನ್ನ ಒಲೆ ಮತ್ತೆ ಹೊತ್ತಲಿ. ನಾನು ಬರುವವರೆಗೆ ಜೋಪಾನವಾಗಿರು.

ನಿನ್ನ
ಮೊರೊಂಕೆ