ಆಗಸ್ಟ್ ಹನ್ನೆರಡರ ಗೈರುಹಾಜರಿ

ಹಳ್ಳಿ ಶಾಲೆ, ತಾಕ್ವಾರೆಂಬೋ, ಉರುಗ್ವೆ

ಮಾನ್ಯ ಇನ್ಸ್‌ಪೆಕ್ಟರ್ ಬೆರ್ರುತ್ತಿ ಅವರಿಗೆ,

ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ ಮಾಯ್ತೆಗೆ ನಲವತ್ತು ದಿನ ಹೇಗೆ ಹಾಜರಿ ಹಾಕಿದಿರಿ ಎಂದು ಕೇಳಿದ್ದೀರಿ. ಅವಳು ತರಗತಿಯಲ್ಲೇ ಇದ್ದಳು. ಅವಳ ಕುರ್ಚಿಯ ಮೇಲೆ ಟ್ಯಾಬ್ಲೆಟ್ ಇಟ್ಟಿದ್ದೆವು. ಮನೆಯಿಂದಲೇ ಅದರಲ್ಲಿ ಕಾಣಿಸಿಕೊಂಡು ಪಾಠ ಕೇಳುತ್ತಿದ್ದಳು. ಸಮವಸ್ತ್ರವಿಲ್ಲದೆ ಕೂರುವಂತಿಲ್ಲವೆಂದು ಮಕ್ಕಳು ಟ್ಯಾಬ್ಲೆಟ್ಟಿಗೂ ಬಿಳಿ ನಿಲುವಂಗಿ ತೊಡಿಸಿ, ನೀಲಿ ರಿಬ್ಬನ್ನಿನ ಬೋ ಕಟ್ಟಿದ್ದರು. ಭಾಗಾಕಾರದ ಉತ್ತರವನ್ನು ಪಕ್ಕದ ವಾಲ್ದೆಮಾರನಿಗೆ ಪಿಸುಗುಟ್ಟಿದ್ದಕ್ಕೆ ನಾನೇ ಅವಳನ್ನು ಎರಡು ಸಲ ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೇನೆ. ಶಾಲೆಗೆ ಬಾರದವಳಿಗೆ ಯಾರಾದರೂ ಶಿಕ್ಷೆ ಕೊಡುತ್ತಾರೆಯೇ?

ಇನ್ನು, ಆಗಸ್ಟ್ ಹನ್ನೆರಡರಂದು ಮಾತ್ರ ಗೈರುಹಾಜರಿ ಹಾಕಿದ್ದೇಕೆ ಎಂಬ ಪ್ರಶ್ನೆ. ಆ ಬೆಳಿಗ್ಗೆ ಎಂದಿನಂತೆ ಟ್ಯಾಬ್ಲೆಟ್ಟಿನ ಕಡೆ ನೋಡುತ್ತಾ ಅವಳ ಹೆಸರು ಕರೆದೆ. ಪರದೆ ಕಪ್ಪಗಿತ್ತು. ಮೂರು ಸಲ ಕರೆದು, ಬರಲಿಲ್ಲ ಎಂದು ಗುರುತು ಹಾಕಿದೆ. ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದರು.

"ಟೀಚರ್, ಅದ್ರೊಳಗೆ ಏನ್ ಹುಡುಕ್ತಿದ್ದೀರಿ? ಸ್ವಲ್ಪ ಈ ಕಡೆ ನೋಡಿ," ಎಂಬ ದನಿ ಬಂತು. ಬಾಗಿಲಲ್ಲಿ ಊರುಗೋಲು ಹಿಡಿದು ಮಾಯ್ತೆ ನಿಂತಿದ್ದಳು.

ಗುರುತನ್ನು ತಿದ್ದಲು ಹೋದೆ. ವಾಲ್ದೆಮಾರ್ ಹಾಜರಿ ಪುಸ್ತಕಕ್ಕೆ ಕೈ ಅಡ್ಡ ಇಟ್ಟ. "ಇರ್ಲಿ ಬಿಡಿ ಟೀಚರ್. ಅವ್ಳು ವಾಪಸ್ ಬಂದಿದ್ದು ಯಾವತ್ತು ಅಂತ ಆಮೇಲೆ ಹೆಂಗ್ ಗೊತ್ತಾಗ್ಬೇಕು?"

ನಿಯಮ ಒಪ್ಪದಿದ್ದರೆ ಆ ನಲವತ್ತು ಹಾಜರಿಗಳನ್ನು ಹೊಡೆದುಹಾಕಿ. ಈ ಒಂದು ಗೈರುಹಾಜರಿಯನ್ನು ಮಾತ್ರ ದಯವಿಟ್ಟು ಹಾಗೆಯೇ ಬಿಡಿ.

ಇತಿ ತಮ್ಮ,
ಸುಲ್ಮಾ ಎಚೆವೆರ್ರಿ
ಶಿಕ್ಷಕಿ