ಚಹಾ ಬಟ್ಟಲಲ್ಲಿ ಸಮುದ್ರದ ವಾಸನೆ

ಕತ್ಸುನುಮಾ, ಸುಗ್ಗಿಯ ಮೂರನೇ ದಿನ

ಅಕ್ಕಾ,

ನೀನು ಕಳಿಸಿದ ಒಣಮೀನು ತಲುಪಿತು, ಬಂದದ್ದೇ ರಾದ್ಧಾಂತ ಮಾಡಿತು. ದ್ರಾಕ್ಷಿ ಸುಗ್ಗಿಯಲ್ಲಿ ಅತ್ತೆ ಮಧ್ಯಾಹ್ನದ ಊಟಕ್ಕೆ ಹೆಸರಿನ ಚೀಟಿಯಿಲ್ಲದ ಬಾಟಲಿಯಿಂದ ಕೆಂಪು ವೈನನ್ನು ಚಹಾ ಬಟ್ಟಲಿಗೆ ಸುರಿಯುತ್ತಾರೆ. ಯಾವ ದ್ರಾಕ್ಷಿಯೆಂದು ಗಂಡಸರು ಮೂಸಿ, ಕುಡಿದು ಹೇಳಬೇಕು. ಮನೆಅಳಿಯನಾಗಿ ಇವರ ಮನೆತನದ ಹೆಸರನ್ನೇ ಹೊತ್ತ ನನಗೂ ನಿನ್ನೆ ಮೊದಲ ಸಲ ಬಟ್ಟಲು ಬಂತು.

"ಮೀನಿನೂರಿನ ಮೂಗಿಗೆ ದ್ರಾಕ್ಷಿ ಎಲ್ಲಿ ಗೊತ್ತಾಗ್ಬೇಕು," ಎಂದರು ಮಾವ, ಸುಟ್ಟ ಒಣಮೀನನ್ನು ಸಿಗಿಯುತ್ತಾ. ಅದೇ ಕೈಯಲ್ಲಿ ಬಟ್ಟಲೆತ್ತಿ, ಕಣ್ಣು ಮುಚ್ಚಿ ಮೂಸಿದರು. "ಇದು ನಮ್ಮ ತೋಟದ್ದಲ್ಲ. ಸಮುದ್ರದ ಗಾಳಿ ಕುಡಿದು ಬೆಳೆದ ಹಣ್ಣು."

ಬಾಯಿತುಂಬ ಮೀನಿದ್ದ ಪಕ್ಕದ ಮನೆಯ ಅಮೆಮಿಯಾ ಅವರೂ ಹೌದೆಂದು ತಲೆಯಾಡಿಸಿದರು.

ನಾನಿನ್ನೂ ಮೀನು ಮುಟ್ಟಿರಲಿಲ್ಲ. ನನ್ನ ಬಟ್ಟಲಿಂದ ಬಂದದ್ದು ಚಿಕ್ಕಂದಿನಲ್ಲಿ ನೀನು ಅರ್ಧ ಚೀಪಿ ಕೊಡುತ್ತಿದ್ದ ಸ್ಟ್ರಾಬೆರಿ ಮಿಠಾಯಿಯ ಪರಿಮಳ. ಕುಡಿದರೆ ಒಗರೂ ಇಲ್ಲ, ಹಿತ್ತಲಿನ ಹಣ್ಣಿನ ಹಾಗೆಯೇ.

"ನಮ್ಮ ಹಿತ್ತಲಿನ ಬೈಲಿ-ಎ ದ್ರಾಕ್ಷಿ ಅಲ್ವಾ ಇದು? ಮಾವ, ಒಂದ್ಸಲ ಕೈ ತೊಳ್ಕೊಂಡು ಮೂಸಿ ನೋಡಿ."

ಮಾವ ಎದ್ದು ಸೋಪು ಹಚ್ಚಿ ಕೈ ತೊಳೆದು ಬಂದು ಮತ್ತೆ ಮೂಸಿದರು. "ನಮ್ಮದೇ," ಎಂದು ಗೊಣಗಿ ಬಟ್ಟಲು ಖಾಲಿ ಮಾಡಿದರು. ಅತ್ತೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದರು.

ದ್ರಾಕ್ಷಿ ಚಪ್ಪರದಡಿ ಹಗಲೆಲ್ಲ ಮೇಲೆ ನೋಡಿ ಕತ್ತು ಹಿಡಿದುಕೊಂಡಿದೆ, ಉಳಿದಂತೆ ಆರಾಮ. ಸುಗ್ಗಿ ಮುಗಿಯುವವರೆಗೆ ಮನೆಗೆ ಒಣಮೀನು ಬರಕೂಡದೆಂದು ಮಾವನ ಕಟ್ಟಪ್ಪಣೆ. ಅತ್ತೆ ಮಾತ್ರ ಇನ್ನೆರಡು ಕಟ್ಟು ತಮ್ಮ ಹೆಸರಿಗೆ ಕಳಿಸಲು ಹೇಳಿದ್ದಾರೆ. ಶನಿವಾರದ ಊಟಕ್ಕೆ ಮುಂಚೆ ತಲುಪಬೇಕಂತೆ.

ನಿನ್ನ ತಮ್ಮ,
ಯಾಸುಹೇ